ಸೋರುತ್ತಿರುವ ನಿಲ್ದಾಣವನ್ನು ಇನ್ನೆಷ್ಟು ದಿನ ಓಡಿಸಬೇಕು?

(ನವೆಂಬರ್ 2025ರ ಒಂದು ಭಾನುವಾರ ಸಂಜೆ ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಮಾತಾಡಿದ್ದು. ಬರೆದು ಕೊಡಿ ಅಂತ ಸುಮಾರು ಜನ ಕೇಳಿದರು. ಮಾತಿನ ಧಾಟಿಯನ್ನು ಹಾಗೇ ಇಟ್ಟಿದ್ದೇನೆ, ಅಂದು ಟೈಮ್ ಸಾಲದೆ ಬಿಟ್ಟಿದ್ದ ಒಂದೆರಡು ವಿಷಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕೊನೆ ಕೊಯ್ಲಿನ ಕಾಲ. ಮನೆಯಲ್ಲಿ ಅಡಿಕೆ ಸುಲಿಯುವ ಕೆಲಸ ಬಿಟ್ಟು ಬಂದಿದ್ದೀರಿ ಅಂತ ಗೊತ್ತು. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ.

2020ರ ಅಕ್ಟೋಬರ್. ನಮ್ಮ ತಲೆಯ ಮೇಲೆ 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಗಾಳಿ ಸೋರುತ್ತಿತ್ತು. 2019ರ ಸೆಪ್ಟೆಂಬರ್‌ನಿಂದಲೇ ಸೋರಿಕೆ ಕಂಡಿತ್ತು, ಜಾಗ ಮಾತ್ರ ಸಿಕ್ಕಿರಲಿಲ್ಲ. ಒಂದೊಂದೇ ಕೋಣೆ ಮುಚ್ಚಿ, ಒತ್ತಡ ಅಳೆದು, ಕೊನೆಗೆ ಜ್ವೆಜ್ದಾ ಅನ್ನುವ ರಷ್ಯನ್ ಭಾಗದಲ್ಲೇ ಇದೆ ಅಂತ ಖಚಿತವಾಯಿತು. ಆಮೇಲೆ ಅಲ್ಲಿದ್ದ ರಷ್ಯನ್ ಗಗನಯಾತ್ರಿಗಳು ಮಾಡಿದ್ದು ಏನು ಗೊತ್ತಾ? ಒಂದು ಟೀ ಬ್ಯಾಗ್ ಹರಿದು, ಅದರೊಳಗಿನ ಚಹಾ ಚೂರನ್ನು ಆ ಕೋಣೆಯ ಗಾಳಿಯಲ್ಲಿ ತೇಲಿಬಿಟ್ಟರು. ಬಾಗಿಲು ಮುಚ್ಚಿ, ಕ್ಯಾಮೆರಾ ಇಟ್ಟು ಹೊರಗೆ ಕಾದರು. ಅಲ್ಲಿ ಯಾವುದೂ ಕೆಳಗೆ ಬೀಳುವುದಿಲ್ಲವಲ್ಲ, ಚೂರುಗಳು ಸುಮ್ನೆ ತೇಲುತ್ತಾ ಇದ್ದವು, ಆಮೇಲೆ ಮೆಲ್ಲಗೆ ಗೋಡೆಯ ಒಂದು ಕಡೆಗೇ ಹೋಗತೊಡಗಿದವು. ಅಲ್ಲೇ ಒಂದು ಬಿರುಕು. ಕೈಬೆರಳಿಗಿಂತ ಉದ್ದ ಇಲ್ಲದ ಒಂದು ಗೀರು. ಅದರ ಮೇಲೆ ಟೇಪ್ ಅಂಟಿಸಿದರು.

ಇದನ್ನು ಓದಿದ ದಿನ ನಾನು ಬಹಳ ಹೊತ್ತು ಅದನ್ನೇ ಯೋಚಿಸುತ್ತಾ ಕೂತಿದ್ದೆ. ಯಾಕೆಂದರೆ ಬಿರುಕು ಹುಡುಕುವುದು ನನ್ನ ಕಸುಬು. ಹತ್ತಿರ ಹತ್ತಿರ ನಲವತ್ತು ವರ್ಷ ಜಲವಿದ್ಯುತ್ ಕೇಂದ್ರದಲ್ಲಿ ಮೇಂಟೆನೆನ್ಸ್ ಕೆಲಸ ಮಾಡಿದವನು ನಾನು. ಆಕಾಶದ ವಿಜ್ಞಾನ ಓದಿದವನಲ್ಲ. ಆದರೆ ಹಳೇ ಯಂತ್ರವನ್ನು ಓಡಿಸಬೇಕಾ, ನಿಲ್ಲಿಸಬೇಕಾ ಅನ್ನುವ ಪ್ರಶ್ನೆಯ ಜೊತೆ ಬದುಕಿದವನು. ಅದೇ ಪ್ರಶ್ನೆ ಈಗ ಆ ನಿಲ್ದಾಣದ ಬಗ್ಗೆ ಎದ್ದಿದೆ. ಈ ತಿಂಗಳ 2ನೇ ತಾರೀಖಿಗೆ ಅಲ್ಲಿ ಜನ ವಾಸಕ್ಕೆ ಹೋಗಿ 25 ವರ್ಷ ತುಂಬಿತು. 2000ದ ನವೆಂಬರ್ 2ಕ್ಕೆ ಮೂರು ಜನ ಒಳಗೆ ಹೋದರು, ಅಂದಿನಿಂದ ಇಂದಿನವರೆಗೆ ಒಂದೇ ಒಂದು ದಿನವೂ ಆ ಮನೆ ಖಾಲಿ ಇಲ್ಲ. ಇವತ್ತು ಕಾಲೇಜಿಗೆ ಹೋಗುವ ಮಕ್ಕಳು ಹುಟ್ಟುವ ಮುಂಚಿನಿಂದಲೂ ಅಲ್ಲಿ ಯಾರಾದರೂ ಇದ್ದೇ ಇದ್ದಾರೆ. ಇನ್ನು ಐದು ವರ್ಷಕ್ಕೆ, 2030ರ ಕೊನೆಗೆ, ಅದನ್ನು ನಿಲ್ಲಿಸಿ ಆಮೇಲೆ ಸಮುದ್ರಕ್ಕೆ ಬೀಳಿಸುವುದು ಅಂತ ಯೋಜನೆ. ಅದು ಸರಿಯಾ? ಮುಂಚೆಯೇ ನಿಲ್ಲಿಸಬೇಕಾ? ಇನ್ನೂ ಓಡಿಸಬೇಕಾ?

ವಯಸ್ಸಿನ ಮಾತು ಮೊದಲು ಮುಗಿಸಿಬಿಡೋಣ. ನಿಲ್ದಾಣದ ಮೊದಲ ಭಾಗ ಜಾರ್ಯಾ 1998ರ ನವೆಂಬರ್ 20ರಂದು ಹೋಯಿತು. ಜ್ವೆಜ್ದಾ ಹೋಗಿದ್ದು 2000ದ ಜುಲೈ. ಆದರೆ ಜ್ವೆಜ್ದಾದ ಮೈ, ಅಂದರೆ ಹೊರಗಿನ ಲೋಹದ ಕವಚ, ತಯಾರಾಗಿದ್ದು 1980ರ ದಶಕದ ಮಧ್ಯದಲ್ಲಿ, ಸೋವಿಯತ್ ಒಕ್ಕೂಟ ಇದ್ದಾಗ, ಬೇರೆ ಒಂದು ನಿಲ್ದಾಣಕ್ಕೆ ಅಂತ. ನಾನು ಕೆಲಸಕ್ಕೆ ಸೇರುವ ಮುಂಚಿನ ಲೋಹ ಅದು.

ಹಳೇದು ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಇಲ್ಲೇ ಪಕ್ಕದಲ್ಲಿ ಜೋಗದ ಮಹಾತ್ಮ ಗಾಂಧಿ ಜಲವಿದ್ಯುತ್ ಕೇಂದ್ರ ಇದೆ. 1940ರ ದಶಕದ ಕೊನೆಗೆ ಶುರುವಾಗಿದ್ದು, ಇನ್ನೂ ಕರೆಂಟು ಕೊಡುತ್ತಿದೆ. ಭದ್ರಾವತಿಯಿಂದ ಬಂದವರು ಇಲ್ಲಿ ಕೂತಿದ್ದಾರೆ. ನಿಮ್ಮ ಊರಿನ ಕಬ್ಬಿಣದ ಕಾರ್ಖಾನೆಗೆ ನೂರು ವರ್ಷ ದಾಟಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ಸುದ್ದಿ ಬಂದಾಗ ಊರಿಗೆ ಊರೇ ಹೇಗೆ ಕಂಗಾಲಾಯಿತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಹಳೇ ಯಂತ್ರ ಅಂದರೆ ಬರೀ ಲೋಹ ಅಲ್ಲ, ಅದನ್ನು ಬಲ್ಲ ಕೈಗಳು ಕೂಡ. ಈ ಮಾತಿಗೆ ಆಮೇಲೆ ಬರುತ್ತೇನೆ.

ಆದರೆ ಪವರ್ ಹೌಸಿಗೂ ಆ ನಿಲ್ದಾಣಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ನಾವು ಯಂತ್ರ ನಿಲ್ಲಿಸಬಹುದು. ವಾಲ್ವ್ ಮುಚ್ಚಿ, ನೀರು ಖಾಲಿ ಮಾಡಿ, ಒಳಗೆ ಇಳಿದು, ಬೇಕಾದರೆ ರೋಟರನ್ನೇ ಕ್ರೇನಿನಲ್ಲಿ ಎತ್ತಿ ಹೊರಗಿಡಬಹುದು. ಅಲ್ಲಿ ನಿಲ್ಲಿಸುವುದು ಅಂತ ಇಲ್ಲವೇ ಇಲ್ಲ. ಒಳಗೆ ಸದಾ ನಮ್ಮ ನೆಲಮಟ್ಟದಷ್ಟೇ ಗಾಳಿಯ ಒತ್ತಡ, ಹೊರಗೆ ಏನೂ ಇಲ್ಲ. ಗೋಡೆ ಹಗಲೂ ರಾತ್ರಿ ಉಬ್ಬಿಕೊಂಡೇ ಇರಬೇಕು. ಹಗಲು ರಾತ್ರಿ ಅಂದೆ, ಅದೂ ಅಲ್ಲಿ ಬೇರೆ. ಗಂಟೆಗೆ 28,000 ಕಿಲೋಮೀಟರ್ ವೇಗ, ಸುಮಾರು ಒಂದೂವರೆ ಗಂಟೆಗೆ ಒಂದು ಸುತ್ತು, ದಿನಕ್ಕೆ ಹದಿನೈದು ಹದಿನಾರು ಸಲ ಸೂರ್ಯ ಹುಟ್ಟಿ ಮುಳುಗುತ್ತಾನೆ. ಬಿಸಿಲಿಗೆ ಬಂದಾಗ ಹೊರಮೈ 120 ಡಿಗ್ರಿ ಮುಟ್ಟಬಹುದು, ನೆರಳಿಗೆ ಹೋದಾಗ ಸೊನ್ನೆಗಿಂತ 150 ಡಿಗ್ರಿ ಕೆಳಗೆ. ಲೆಕ್ಕ ಹಾಕಿ: 27 ವರ್ಷದಲ್ಲಿ ಒಂದೂವರೆ ಲಕ್ಷ ಸುತ್ತು. ಒಂದು ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸುತ್ತಾ ಹೋದರೆ ಏನಾಗುತ್ತದೆ ಅಂತ ಮಕ್ಕಳಿಗೂ ಗೊತ್ತು. ಒಂದು ಸಲಕ್ಕೆ ಏನೂ ಆಗಲ್ಲ. ಹತ್ತು ಸಲಕ್ಕೂ ಆಗಲ್ಲ. ಒಂದು ದಿನ ಪಟ್ ಅಂತ ಮುರಿಯುತ್ತದೆ. ಲೋಹಕ್ಕೂ ಸುಸ್ತಾಗುತ್ತದೆ, ನಮ್ಮ ಕಡೆ ಅದನ್ನು ಫೆಟೀಗ್ ಅಂತಲೇ ಕರೆಯುತ್ತೇವೆ.

ನನ್ನ ಕಣ್ಣಿಂದ ನೋಡಿದ ಒಂದು ಬಿರುಕಿನ ಕಥೆ ಹೇಳುತ್ತೇನೆ. ಯಾವ ಪವರ್ ಹೌಸು ಅಂತ ಬೇಡ. ವಾರ್ಷಿಕ ಓವರ್‌ಹಾಲ್ ನಡೀತಾ ಇತ್ತು. ಟರ್ಬೈನಿನ ರನ್ನರ್ ಅಂದರೆ ನೀರು ಬಡಿದು ತಿರುಗಿಸುವ ದೊಡ್ಡ ಚಕ್ರ, ಅದರ ಸುತ್ತ ಬೊಗಸೆಯ ಆಕಾರದ ಬಕೆಟ್‌ಗಳು. ನೋಡಿದರೆ ಲೋಹ ಬೆಳ್ಳಿ ತಟ್ಟೆ ಹಾಗೆ ಹೊಳೆಯುತ್ತಿತ್ತು. ಅದರ ಮೇಲೆ ಕೆಂಪು ದ್ರವ ಬಳಿದು, ಕಾಲು ಗಂಟೆ ಬಿಟ್ಟು, ಬಟ್ಟೆಯಲ್ಲಿ ಪೂರ್ತಿ ಒರೆಸಿ, ಆಮೇಲೆ ಬಿಳಿ ಪುಡಿಯ ಸ್ಪ್ರೇ ಹೊಡೆಯುತ್ತೇವೆ. ಬಿರುಕು ಇಲ್ಲದಿದ್ದರೆ ಬಿಳಿ ಬಿಳಿಯಾಗಿಯೇ ಇರುತ್ತದೆ. ಇದ್ದರೆ ಒಳಗೆ ಸೇರಿಕೊಂಡ ಕೆಂಪು ಮೆಲ್ಲಗೆ ಎದ್ದು ಬರುತ್ತದೆ. ಆ ದಿನ ಒಂದು ಬಕೆಟ್‌ನ ಬುಡದಲ್ಲಿ ಕುಂಕುಮದಲ್ಲಿ ಅದ್ದಿದ ದಾರ ಇಟ್ಟ ಹಾಗೆ ಒಂದು ಗೆರೆ ಬಂತು. ಎರಡು ಇಂಚು ಇರಬಹುದು.

ಮಳೆಗಾಲ ಹತ್ತಿರ ಬಂದಿತ್ತು, ಯಂತ್ರ ಬೇಗ ಬಿಡಿ ಅಂತ ಮೇಲಿನಿಂದ ಒತ್ತಡ. ಗ್ರೈಂಡ್ ಮಾಡಿದೆವು, ವೆಲ್ಡ್ ಮಾಡಿದೆವು, ನುಣ್ಣಗೆ ಮಾಡಿ ಬಿಟ್ಟೆವು. ಎರಡೇ ತಿಂಗಳು. ಯಂತ್ರದ ನಡುಕ ಜಾಸ್ತಿಯಾಯಿತು, ನಿಲ್ಲಿಸಿ ನೋಡಿದರೆ ಅದೇ ಬಕೆಟ್, ಅದೇ ಬುಡ, ವೆಲ್ಡಿನ ಪಕ್ಕದಲ್ಲೇ ಇನ್ನೊಂದು ಗೆರೆ, ಮೊದಲಿನದಕ್ಕಿಂತ ಉದ್ದ. ಆಗ ನಮ್ಮ ಹಿರಿಯ ಫೋರ್‌ಮನ್ ಒಬ್ಬರು ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ. "ಬಿರುಕು ಮುಚ್ಚಿದಿರಿ, ಯಾಕೆ ಬಂತು ಅಂತ ಕೇಳಿದ್ರಾ?" ಕೇಳಿರಲಿಲ್ಲ. ಆಮೇಲೆ ಕೇಳಿದೆವು. ಹಿಂದೊಮ್ಮೆ ಅಲ್ಲಿ ವೆಲ್ಡ್ ಮಾಡಿದವರು ಲೋಹವನ್ನು ಸರಿಯಾಗಿ ಬಿಸಿ ಮಾಡಿ ನಿಧಾನಕ್ಕೆ ಆರಲು ಬಿಟ್ಟಿರಲಿಲ್ಲ. ಅವಸರದಲ್ಲಿ ನಾವೂ ಬಿಡಲಿಲ್ಲ. ಹಾಗಾಗಿ ಆ ಜಾಗ ಪೆಡಸಾಗಿ ಹೋಗಿತ್ತು. ಕಾರಣ ಸಿಕ್ಕಿದ ಮೇಲೆ ಸರಿಯಾಗಿ ಮಾಡಿದೆವು, ಆ ಚಕ್ರ ಆಮೇಲೆ ವರ್ಷಗಟ್ಟಲೆ ಓಡಿತು.

ಈಗ ಮತ್ತೆ ಮೇಲೆ ಹೋಗೋಣ. ಜ್ವೆಜ್ದಾದ ಹಿಂಬದಿಯಲ್ಲಿ ಒಂದು ಸಣ್ಣ ಸುರಂಗದಂತಹ ಕೋಣೆ ಇದೆ. ಅದರ ಆಚೆ ತುದಿಗೆ ಸರಕು ಹೊತ್ತು ಬರುವ ಪ್ರೋಗ್ರೆಸ್ ನೌಕೆ ಬಂದು ಕಚ್ಚಿಕೊಳ್ಳುತ್ತದೆ. ಬಿರುಕುಗಳು ಇರುವುದು ಆ ಕೋಣೆಯಲ್ಲಿ. 2020ರಲ್ಲಿ ಟೇಪ್ ಹಾಕಿ, ಆಮೇಲೆ ಇನ್ನೂ ಗಟ್ಟಿಯಾಗಿ ಮುಚ್ಚಿ, ಅದಾದ ಮೇಲೂ ಸೋರಿಕೆ ನಿಲ್ಲಲಿಲ್ಲ. 2024ರ ಏಪ್ರಿಲ್‌ನಲ್ಲಿ ಅದು ದಿನಕ್ಕೆ ಒಂದು ಕಿಲೋ ಏಳುನೂರು ಗ್ರಾಂ ಗಾಳಿಯಷ್ಟು ಆಯಿತು. ನಾಸಾ ಇದನ್ನು ಅತಿ ದೊಡ್ಡ ಅಪಾಯಗಳ ಮಟ್ಟಕ್ಕೆ ಏರಿಸಿತು ಅಂತ ಅದರ ಒಳಗಿನ ತಪಾಸಣಾ ವಿಭಾಗವೇ ವರದಿ ಮಾಡಿತು. ಈಗ ಅವರು ಅನುಸರಿಸುತ್ತಿರುವ ಕ್ರಮ ಏನೆಂದರೆ, ಕೆಲಸ ಇಲ್ಲದಾಗ ಆ ಕೋಣೆಯ ಬಾಗಿಲು ಮುಚ್ಚಿಯೇ ಇಡುವುದು. ತೆರೆಯಬೇಕಾದಾಗ ಅಮೆರಿಕದ ಭಾಗಕ್ಕೂ ರಷ್ಯಾದ ಭಾಗಕ್ಕೂ ನಡುವಿನ ಬಾಗಿಲನ್ನು ಮುಚ್ಚಿಕೊಳ್ಳುವುದು.

ಇಷ್ಟೇ ಆಗಿದ್ದರೆ ನನಗೆ ಅಷ್ಟು ಆತಂಕ ಇರುತ್ತಿರಲಿಲ್ಲ. ಆದರೆ ಬಿರುಕು ಯಾಕೆ ಬಂತು ಅನ್ನುವುದರಲ್ಲಿ ಇಬ್ಬರಿಗೂ ಒಮ್ಮತ ಇಲ್ಲ. ರಷ್ಯಾದ ಇಂಜಿನಿಯರುಗಳು ಸಣ್ಣ ಸಣ್ಣ ಕಂಪನಗಳಿಂದ ಬಂದ ಫೆಟೀಗ್ ಅನ್ನುತ್ತಾರೆ. ಅಮೆರಿಕದವರು ಹಾಗಲ್ಲ, ಒತ್ತಡ, ಲೋಹದ ಒಳಗೇ ಉಳಿದುಕೊಂಡ ಬಿಗಿತ, ಲೋಹದ ಗುಣ, ಸುತ್ತಲ ವಾತಾವರಣ ಇವೆಲ್ಲ ಸೇರಿ ಆಗಿದ್ದು ಅನ್ನುತ್ತಾರೆ. ರಷ್ಯಾದವರು ಓಡಿಸಬಹುದು ಅಂದರೆ, ನಾಸಾದವರು ಆ ಕೋಣೆ ಒಮ್ಮೆಗೇ ಬಿಟ್ಟುಕೊಂಡರೆ ಏನು ಗತಿ ಅಂತ ಹೆದರುತ್ತಾರೆ. 2024ರ ನವೆಂಬರ್‌ನಲ್ಲಿ ಈ ಭಿನ್ನಾಭಿಪ್ರಾಯ ಬಹಿರಂಗವಾಗಿಯೇ ಹೊರಗೆ ಬಂತು. ನಮ್ಮ ಫೋರ್‌ಮನ್ ಇದ್ದಿದ್ದರೆ ಏನು ಕೇಳುತ್ತಿದ್ದರು ಅಂತ ಯೋಚಿಸಿ.

ಈ ಸೋರಿಕೆ ನಮ್ಮನ್ನೂ ಮುಟ್ಟಿದೆ. ಈ ವರ್ಷ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅವರ ಹಾರಾಟ ಮತ್ತೆ ಮತ್ತೆ ಮುಂದಕ್ಕೆ ಹೋಯಿತಲ್ಲ, ಅದಕ್ಕೆ ಬೇರೆ ಕಾರಣಗಳ ಜೊತೆ ಇದೂ ಒಂದು ಕಾರಣ. ಮತ್ತೆ ದುರಸ್ತಿ ಮಾಡಿದ ಮೇಲೆ ಆ ಕೋಣೆಯ ಒತ್ತಡ ಬೇರೆ ರೀತಿ ವರ್ತಿಸತೊಡಗಿತು, ಅದನ್ನು ನೋಡಿಕೊಂಡೇ ಮುಂದುವರಿಯೋಣ ಅಂತ ಕಾದರು. ಕೊನೆಗೆ ಜೂನ್ 25ಕ್ಕೆ ಹೊರಟು 26ಕ್ಕೆ ನಿಲ್ದಾಣ ಸೇರಿದರು, ಜುಲೈ 15ಕ್ಕೆ ವಾಪಸ್ ಬಂದರು. ಆ ನಿಲ್ದಾಣಕ್ಕೆ ಕಾಲಿಟ್ಟ ಮೊದಲ ಭಾರತೀಯ. ನೋಡಿ, ಅವರು ಅಲ್ಲಿ ಮೊಳಕೆ ಬರಿಸಿದ್ದು ಹೆಸರುಕಾಳು, ಮೆಂತ್ಯ. ಆ ಪ್ರಯೋಗ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಧಾರವಾಡ ಐಐಟಿಯದು. ನಮ್ಮ ಅಡುಗೆಮನೆಯಲ್ಲಿ ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಬಟ್ಟೆ ಕಟ್ಟುವ ಅದೇ ಹೆಸರುಕಾಳು, ಮೇಲು ಕೆಳಗು ಅನ್ನುವುದೇ ಇಲ್ಲದ ಜಾಗದಲ್ಲಿ ಬೇರು ಯಾವ ಕಡೆ ಬಿಡುತ್ತದೆ, ಅದರ ಸತ್ವ ಹೇಗಿರುತ್ತದೆ ಅನ್ನುವ ಪ್ರಶ್ನೆ. ಬೆಂಗಳೂರಿನ ಐಐಎಸ್‌ಸಿಯ ಪ್ರಯೋಗವೂ ಇತ್ತು, ನೀರುಕರಡಿ ಅಂತ ಕರೆಯುವ ಕಣ್ಣಿಗೆ ಕಾಣದ ಜೀವಿಗಳ ಮೇಲೆ. ಇದಕ್ಕೆಲ್ಲ ಬೇರೆ ಜಾಗ ಎಲ್ಲಿದೆ? ಚೀನಾದ ತಿಯಾಂಗಾಂಗ್ ಇದೆ, 2022ರಲ್ಲಿ ಪೂರ್ತಿಯಾಯಿತು, ಆದರೆ ನಮ್ಮವರು ಯಾರೂ ಅಲ್ಲಿಗೆ ಹೋಗಿಲ್ಲ. ನಮ್ಮದೇ ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲ ಭಾಗ 2028ಕ್ಕೆ, ಪೂರ್ತಿ ನಿಲ್ದಾಣ 2035ಕ್ಕೆ ಅಂತ ಗುರಿ. ಈ ಜನವರಿ 16ಕ್ಕೆ ಇಸ್ರೋ ಎರಡು ಉಪಗ್ರಹಗಳನ್ನು ಬಾಹ್ಯಾಕಾಶದಲ್ಲಿ ಒಂದಕ್ಕೊಂದು ಜೋಡಿಸಿ ತೋರಿಸಿತು, ಅದು ನಿಲ್ದಾಣ ಕಟ್ಟುವ ಕೆಲಸದ ಮೊದಲ ಅಕ್ಷರಾಭ್ಯಾಸ. ಇನ್ನೂ ಬಹಳ ದಾರಿ ಇದೆ.

ದುಡ್ಡಿನ ವಿಷಯ. ಇದನ್ನು ಮುಚ್ಚಿಡುವುದು ಬೇಡ. ನಿಲ್ದಾಣ ನಡೆಸಲು, ಜನ ಸರಕು ಸಾಗಿಸಲು ನಾಸಾ ವರ್ಷಕ್ಕೆ ಸುಮಾರು 3 ಬಿಲಿಯನ್ ಡಾಲರ್ ಖರ್ಚು ಮಾಡುತ್ತದೆ. ನಮ್ಮ ಲೆಕ್ಕಕ್ಕೆ 25,000 ಕೋಟಿ ರೂಪಾಯಿಗೂ ಜಾಸ್ತಿ. ಇಡೀ ಇಸ್ರೋದ ವರ್ಷದ ಬಜೆಟ್ಟು ಸುಮಾರು 13,000 ಕೋಟಿ. ಅಂದರೆ ನಮ್ಮ ದೇಶದ ಎಲ್ಲ ರಾಕೆಟ್ಟು, ಎಲ್ಲ ಉಪಗ್ರಹ, ಹಾಸನದ ನಿಯಂತ್ರಣ ಕೇಂದ್ರ, ಎಲ್ಲ ಸೇರಿ ಎಷ್ಟೋ ಅದರ ಹೆಚ್ಚುಕಡಿಮೆ ಎರಡರಷ್ಟು, ಬರೀ ಒಂದು ಹಳೇ ಮನೆಯ ನಿರ್ವಹಣೆಗೆ. ಆ ದುಡ್ಡು ಚಂದ್ರನ ಕಡೆಗೆ ಹೋಗಲಿ, ಮಂಗಳದ ಕಡೆಗೆ ಹೋಗಲಿ ಅನ್ನುವವರ ಮಾತನ್ನು ನಾನು ಸುಲಭಕ್ಕೆ ತಳ್ಳಿಹಾಕಲಾರೆ. ಆದರೆ ಚಂದ್ರನಿಗೆ ಹೋಗುವವರು ಉಸಿರಾಡುವ ಗಾಳಿ, ಕುಡಿಯುವ ನೀರು ಎಲ್ಲಿ ಕಲಿತಿದ್ದು? ಅಲ್ಲಿ ಬೆವರು, ಮೂತ್ರ, ಉಸಿರಿನ ತೇವ ಎಲ್ಲ ಸೇರಿಸಿ ಶುದ್ಧ ಮಾಡಿ ಮತ್ತೆ ಕುಡಿಯುತ್ತಾರೆ. 2023ರಲ್ಲಿ ನೂರಕ್ಕೆ 98 ಪಾಲು ನೀರು ವಾಪಸ್ ಪಡೆಯುವ ಮಟ್ಟಕ್ಕೆ ಬಂದರು. ಇದು ಒಂದು ದಿನಕ್ಕೆ ಬಂದಿದ್ದಲ್ಲ. ಆ ಯಂತ್ರ ಕೆಟ್ಟು, ಬಿಚ್ಚಿ, ಮತ್ತೆ ಕೆಟ್ಟು, ಮತ್ತೆ ಬಿಚ್ಚಿ ಬಂದಿದ್ದು.

ಈ ಬಿಚ್ಚಿ ಜೋಡಿಸುವ ಕೆಲಸದ ಬಗ್ಗೆಯೇ ನನಗೆ ಜಾಸ್ತಿ ಹೇಳಬೇಕಿರುವುದು.

2007ರ ಅಕ್ಟೋಬರ್ ಕೊನೆ. ನಿಲ್ದಾಣದ ಸೌರ ಫಲಕದ ಒಂದು ರೆಕ್ಕೆಯನ್ನು ಬಿಚ್ಚುವಾಗ ಅದು ಸಿಕ್ಕಿಕೊಂಡು ಹರಿಯಿತು. ಹಾಗೇ ಬಿಟ್ಟರೆ ರೆಕ್ಕೆಯೇ ಹೋಗುತ್ತದೆ. ಅಂಥದ್ದಕ್ಕೆ ಅಂತ ಯಾವ ಉಪಕರಣವೂ ಇರಲಿಲ್ಲ. ಒಳಗಿದ್ದವರು ಕೈಗೆ ಸಿಕ್ಕ ತಂತಿ, ಅಲ್ಯೂಮಿನಿಯಂ ಪಟ್ಟಿ ಇಟ್ಟುಕೊಂಡು ಅಂಗಿಯ ಕಫ್‌ಗೆ ಹಾಕುವ ಗುಂಡಿಯ ಆಕಾರದಲ್ಲಿ ಐದು ಕೊಂಡಿ ಮಾಡಿದರು. ಸ್ಕಾಟ್ ಪ್ಯಾರಜಿನ್‌ಸ್ಕಿ ಅನ್ನುವವರು ಉದ್ದನೆಯ ಯಂತ್ರದ ಕೈಯೊಂದರ ತುದಿಯಲ್ಲಿ ಕಾಲು ಸಿಕ್ಕಿಸಿಕೊಂಡು ಅಲ್ಲಿಗೆ ಹೋದರು. ಇದರಲ್ಲಿ ನಮ್ಮಂಥವರ ಮೈ ಜುಮ್ಮೆನ್ನುವ ವಿಷಯ ಒಂದಿದೆ. ಸೌರ ಫಲಕಕ್ಕೆ ಸ್ವಿಚ್ ಆಫ್ ಇಲ್ಲ. ಬಿಸಿಲು ಬಿದ್ದರೆ ಕರೆಂಟು ಬಂದೇ ಬರುತ್ತದೆ. ಅದು ಲೈವ್ ಲೈನ್ ಮೇಲಿನ ಕೆಲಸ. ನಮ್ಮಲ್ಲಿ ಲೈನ್ ಕ್ಲಿಯರ್ ತಗೊಳ್ಳದೆ, ಅರ್ಥ್ ಮಾಡದೆ ಕಂಬ ಮುಟ್ಟಿದರೆ ಏನಾಗುತ್ತದೆ ಅಂತ ಇಲ್ಲಿರುವ ಲೈನ್‌ಮನ್‌ಗಳಿಗೆ ಗೊತ್ತು. ಅವರು ತಮ್ಮ ಉಪಕರಣದ ಲೋಹಕ್ಕೆಲ್ಲ ಟೇಪ್ ಸುತ್ತಿಕೊಂಡು ಹೋಗಿ, ರೆಕ್ಕೆಯನ್ನು ಹೊಲಿದು ಬಂದರು.

2012ರ ಸೆಪ್ಟೆಂಬರ್. ಸುನೀತಾ ವಿಲಿಯಮ್ಸ್ ಮತ್ತು ಜಪಾನಿನ ಅಕಿಹಿಕೊ ಹೊಶಿದೆ. ಕರೆಂಟು ಹಂಚುವ ಒಂದು ದೊಡ್ಡ ಪೆಟ್ಟಿಗೆ ಬದಲಾಯಿಸಬೇಕಿತ್ತು. ಬೋಲ್ಟು ಕೂರುತ್ತಿಲ್ಲ. ತೂತಿನ ಒಳಗೆ ಲೋಹದ ಚೂರು ಸೇರಿಕೊಂಡಿತ್ತು. ಒಂದು ಸಲ ಹೋಗಿ ಆಗದೆ ವಾಪಸ್ ಬಂದರು. ಕೆಳಗೆ ಇಂಜಿನಿಯರುಗಳು ತಲೆ ಕೆಡಿಸಿಕೊಂಡು, ಮೇಲೆ ಏನೇನು ಸಾಮಾನು ಇದೆ ಅಂತ ಪಟ್ಟಿ ನೋಡಿ, ಹಲ್ಲುಜ್ಜುವ ಬ್ರಶ್ಶಿನಿಂದ ಒಂದು ಉಪಕರಣ, ಕೇಬಲ್ಲಿನ ತಂತಿ ಬಿಡಿಸಿ ಇನ್ನೊಂದು ಬ್ರಶ್ಶು ಮಾಡಿಸಿದರು. ಅದರಲ್ಲಿ ತೂತು ಉಜ್ಜಿ, ಗ್ರೀಸ್ ಹಚ್ಚಿ, ಬೋಲ್ಟು ಕೂರಿಸಿದರು. ಎಳೆ ಹಾಳಾದ ಬೋಲ್ಟನ್ನು ಹೀಗೆ ಉಜ್ಜಿ ಕೂರಿಸುವ ಸಂಕಟ ಏನು ಅಂತ ಕೈಯಲ್ಲಿ ಸ್ಪ್ಯಾನರ್ ಹಿಡಿದ ಯಾರಿಗಾದರೂ ಗೊತ್ತು. ಅದನ್ನು ದಪ್ಪ ಕೈಗವಸು ಹಾಕಿಕೊಂಡು, ಹೊರಗೆ ತೇಲುತ್ತಾ ಮಾಡುವುದು ಅಂದರೆ!

ಈ ವಿದ್ಯೆ ಎಲ್ಲಿರುತ್ತದೆ? ಡ್ರಾಯಿಂಗಿನಲ್ಲಿ ಅರ್ಧ ಇರುತ್ತದೆ. ಉಳಿದ ಅರ್ಧ ಜನರಲ್ಲಿ ಇರುತ್ತದೆ. ನಮ್ಮಲ್ಲಿ ಒಬ್ಬ ಫಿಟ್ಟರ್ ಇದ್ದರು, ಬೇರಿಂಗಿನ ಮೇಲೆ ಸ್ಕ್ರೂ ಡ್ರೈವರ್ ಊರಿ ಅದರ ಹಿಡಿಗೆ ಕಿವಿ ಕೊಟ್ಟರೆ ಸಾಕು, ಎಣ್ಣೆ ಕಡಿಮೆಯಾಗಿದೆಯಾ, ಲೋಹ ಸವೆದಿದೆಯಾ ಅಂತ ಹೇಳುತ್ತಿದ್ದರು. ಅವರು ರಿಟೈರ್ ಆಗುವ ಹೊತ್ತಿಗೆ ಹೊಸ ಯಂತ್ರ ಬಂದಿತ್ತು, ಅವರ ಕೈಕೆಳಗೆ ಇಬ್ಬರು ಹುಡುಗರು ಕಲಿತಿದ್ದರು. ನಡುವೆ ನಾಲ್ಕು ವರ್ಷ ಖಾಲಿ ಬಿದ್ದಿದ್ದರೆ? ಹುಡುಗರು ಬೆಂಗಳೂರಿಗೆ ಹೋಗಿರುತ್ತಿದ್ದರು. ಹೊಸ ಯಂತ್ರದ ಮೇಲೆ ಮೊದಲಿನಿಂದ, ಅದೇ ತಪ್ಪುಗಳಿಂದ ಶುರು ಮಾಡಬೇಕಾಗುತ್ತಿತ್ತು.

ಖಾಲಿ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಉದಾಹರಣೆ ಇದೆ. ನನ್ನ ವಯಸ್ಸಿನವರಿಗೆ ಸ್ಕೈಲ್ಯಾಬ್, ಅಮೆರಿಕದ ಹಳೇ ಬಾಹ್ಯಾಕಾಶ ನಿಲ್ದಾಣ, ಅಂದರೆ ನೆನಪಾಗುತ್ತದೆ, ಅಲ್ವಾ? 1979ರ ಜುಲೈ. ನಾನು ಹೈಸ್ಕೂಲು. ನಮ್ಮ ಕಡೆಯ ಜುಲೈ ಮಳೆ ಹೇಗೆ ಅಂತ ಗೊತ್ತಲ್ಲ, ಆಕಾಶವೇ ಕಾಣುವುದಿಲ್ಲ. ಆ ಕಾಣದ ಆಕಾಶದಿಂದ ಏನೋ ದೊಡ್ಡದು ಬೀಳುತ್ತದಂತೆ ಅಂತ ಊರೆಲ್ಲ ಭಯ. ಅಜ್ಜಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದ್ದರು. ಅಪ್ಪ ರೇಡಿಯೋ ಬಿಟ್ಟು ಅಲುಗಾಡಲಿಲ್ಲ. 11ನೇ ತಾರೀಖು ಅದು ಹಿಂದೂ ಮಹಾಸಾಗರದ ಮೇಲೆ ಒಡೆದು, ಚೂರುಗಳು ಪಶ್ಚಿಮ ಆಸ್ಟ್ರೇಲಿಯಾದ ಎಸ್ಪೆರೆನ್ಸ್ ಊರಿನ ಸುತ್ತಮುತ್ತ ಬಿದ್ದವು. ಯಾರಿಗೂ ಏನೂ ಆಗಲಿಲ್ಲ.

ಆದರೆ ಅದು ಬಿದ್ದಿದ್ದು ಯಾಕೆ? ಆ ಎತ್ತರದಲ್ಲೂ ತೆಳ್ಳಗೆ ಗಾಳಿ ಇದೆ, ಅದು ತಡೆಯುತ್ತಲೇ ಇರುತ್ತದೆ, ಹಾಗಾಗಿ ಆಗಾಗ ಮೇಲಕ್ಕೆ ತಳ್ಳದಿದ್ದರೆ ಯಾವ ನಿಲ್ದಾಣವೂ ಕೆಳಗೆ ಬರುತ್ತದೆ. ಸ್ಕೈಲ್ಯಾಬಿನಿಂದ ಕೊನೆಯ ತಂಡ ವಾಪಸ್ ಬಂದಿದ್ದು 1974ರ ಫೆಬ್ರವರಿಯಲ್ಲಿ. ಸ್ಪೇಸ್ ಶಟಲ್ ಅನ್ನುವ ಹೊಸ ನೌಕೆ ಬರುತ್ತದೆ, ಅದು ಹೋಗಿ ಮೇಲಕ್ಕೆ ತಳ್ಳುತ್ತದೆ ಅಂತ ಯೋಚನೆ ಇತ್ತು. ಶಟಲ್ ತಡವಾಯಿತು. ಮೊದಲ ಸಲ ಹಾರಿದ್ದು 1981ರ ಏಪ್ರಿಲ್. ಅಷ್ಟರಲ್ಲಿ ಸೂರ್ಯನ ಚಟುವಟಿಕೆ ಎಣಿಸಿದ್ದಕ್ಕಿಂತ ಜಾಸ್ತಿಯಾಗಿ, ಮೇಲಿನ ಗಾಳಿ ಉಬ್ಬಿ, ಸ್ಕೈಲ್ಯಾಬ್ ಬೇಗ ಇಳಿದುಬಂತು. ಹಳೇದು ಬಿತ್ತು, ಹೊಸದು ಬಂದಿರಲಿಲ್ಲ. 1975ರ ಜುಲೈನಿಂದ 1981ರ ಏಪ್ರಿಲ್‌ವರೆಗೆ ಅಮೆರಿಕದ ಒಬ್ಬ ಗಗನಯಾತ್ರಿಯೂ ಮೇಲೆ ಹೋಗಲಿಲ್ಲ. ಶಟಲ್ ನಿಂತ ಮೇಲೂ ಇದೇ ಕಥೆ: 2011ರ ಜುಲೈನಿಂದ 2020ರ ಮೇವರೆಗೆ ಸ್ವಂತ ವಾಹನ ಇಲ್ಲದೆ ರಷ್ಯಾದ ಸೊಯೂಜ್‌ನಲ್ಲಿ ಸೀಟು ಕೊಂಡುಕೊಂಡು ಹೋಗಬೇಕಾಯಿತು.

ಈಗಲೂ ಅದೇ ಭಯ ನನಗೆ. 2030ರ ಹೊತ್ತಿಗೆ ಖಾಸಗಿ ಕಂಪನಿಗಳು ಹೊಸ ನಿಲ್ದಾಣ ಕಟ್ಟಿರುತ್ತವೆ ಅಂತ ನಾಸಾ ನಂಬಿಕೊಂಡಿದೆ. ಎರಡು ಮೂರು ಕಂಪನಿಗಳು ಕೆಲಸ ಮಾಡುತ್ತಿವೆ, ನಿಜ. ಆದರೆ ಇವತ್ತಿನ ದಿನಕ್ಕೆ ಜನ ವಾಸ ಮಾಡುವ ಒಂದು ಖಾಸಗಿ ನಿಲ್ದಾಣವೂ ಮೇಲೆ ಇಲ್ಲ. ಅದಕ್ಕಿಂತ ಬೇಸರದ ವಿಷಯ, ಈ ವರ್ಷ ಆಗಸ್ಟ್‌ನಲ್ಲಿ ನಾಸಾ ತನ್ನ ಷರತ್ತನ್ನೇ ಸಡಿಲ ಮಾಡಿತು. ಹೊಸ ನಿಲ್ದಾಣದಲ್ಲಿ ಸದಾ ಜನ ಇರಲೇಬೇಕು ಅಂತಿಲ್ಲ, ನಾಲ್ಕು ಜನ ಒಂದು ತಿಂಗಳು ಇದ್ದು ಬರುವಂತಿದ್ದರೂ ಸಾಕು ಅಂತ. ಖಾಲಿ ಮನೆ ಬೇಗ ಹಾಳಾಗುತ್ತದೆ ಅನ್ನುವುದು ಮಲೆನಾಡಿನವರಿಗೆ ಹೇಳಿಕೊಡಬೇಕಾ? ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವವರು ಇಲ್ಲದೆ ಒಂದು ವರ್ಷ ಬಿಟ್ಟರೆ ಸಾಕು, ಎಲ್ಲೋ ಒಂದು ಹೆಂಚು ಸರಿದಿರುತ್ತದೆ, ನೀರು ರೀಪಿಗೆ ಇಳಿಯುತ್ತದೆ, ಗೆದ್ದಲು ಬರುತ್ತದೆ. ಎರಡನೇ ವರ್ಷಕ್ಕೆ ತೊಲೆಯೇ ಹೋಗುತ್ತದೆ.

ಖಾಲಿ ಬಿಟ್ಟ ನಿಲ್ದಾಣದ ಕಥೆಯೂ ಒಂದಿದೆ, ನಮಗೆ ಸಂಬಂಧಪಟ್ಟದ್ದೇ. 1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಹೋಗಿ ಇದ್ದರಲ್ಲ, ಅದು ಸಲ್ಯೂತ್ 7 ನಿಲ್ದಾಣ. ಮರು ವರ್ಷ, 1985ರ ಫೆಬ್ರವರಿಯಲ್ಲಿ, ಒಳಗೆ ಯಾರೂ ಇಲ್ಲದಾಗ ಅದು ಪೂರ್ತಿ ಸತ್ತುಹೋಯಿತು. ಕರೆಂಟು ಇಲ್ಲ, ರೇಡಿಯೋ ಇಲ್ಲ. ಜೂನ್‌ನಲ್ಲಿ ಜಾನಿಬೆಕೊವ್ ಮತ್ತು ಸವಿನಿಖ್ ಅನ್ನುವ ಇಬ್ಬರು ಹೋದರು. ನಿಲ್ದಾಣದಿಂದ ಒಂದು ಸಿಗ್ನಲ್ಲೂ ಇಲ್ಲದೆ ಕಣ್ಣಳತೆಯಲ್ಲೇ ನೌಕೆ ಜೋಡಿಸಿ ಒಳಗೆ ಹೋದರೆ ಗೋಡೆಯೆಲ್ಲ ಮಂಜುಗಡ್ಡೆ. ಉಣ್ಣೆ ಟೋಪಿ ಹಾಕಿಕೊಂಡು, ಬ್ಯಾಟರಿಗಳನ್ನು ನೇರ ಸೌರ ಫಲಕಕ್ಕೆ ಜೋಡಿಸಿ ಚಾರ್ಜ್ ಮಾಡಿ ಅದಕ್ಕೆ ಮತ್ತೆ ಜೀವ ಕೊಟ್ಟರು. ನನ್ನ ಲೆಕ್ಕದಲ್ಲಿ ಮೇಂಟೆನೆನ್ಸ್ ಕೆಲಸದಲ್ಲಿ ಇದಕ್ಕಿಂತ ದೊಡ್ಡದು ಇಲ್ಲ. ಅಂಥ ಇಬ್ಬರು ಎಲ್ಲ ಕಾಲಕ್ಕೂ ಸಿಗುವುದಿಲ್ಲ.

ಕೊನೆಯಲ್ಲಿ ಸುಮಾರು ಪ್ರಶ್ನೆ ಬಂದವು. ಎರಡು ಬರೆಯುತ್ತೇನೆ.

ಒಬ್ಬ ಪಿಯುಸಿ ಹುಡುಗಿ ಕೇಳಿದಳು: "ಸರ್, ಬೀಳಿಸೋದು ಯಾಕೆ? ಇನ್ನೂ ಮೇಲಕ್ಕೆ ತಳ್ಳಿ ಮ್ಯೂಸಿಯಂ ಥರ ಇಟ್ಟುಬಿಡಬಹುದಲ್ವಾ?" ಒಳ್ಳೇ ಪ್ರಶ್ನೆ, ನಾಸಾದವರೂ ಯೋಚಿಸಿ ನೋಡಿದ್ದಾರೆ. 420 ಟನ್ ಭಾರ ಅದು, ಹತ್ತು ಟನ್ನಿನ ಖಾಲಿ ಬಸ್ಸಿನ ಲೆಕ್ಕದಲ್ಲಿ ನಲವತ್ತೆರಡು ಬಸ್ಸು. ಅಷ್ಟನ್ನು ಸೇಫಾದ ಎತ್ತರಕ್ಕೆ ತಳ್ಳುವ ಇಂಧನ ಒಯ್ಯುವುದೇ ಕಷ್ಟ. ಮೇಲೆ ಹೋದಷ್ಟೂ ಕಸ ಜಾಸ್ತಿ, ಹಳೇ ರಾಕೆಟ್ಟಿನ ಚೂರುಗಳು. ನೋಡಿಕೊಳ್ಳುವವರಿಲ್ಲದ ನಿಲ್ದಾಣಕ್ಕೆ ಒಂದು ಚೂರು ಬಡಿದರೆ ಅದೇ ಸಾವಿರ ಚೂರಾಗಿ ಬೇರೆಯವರ ದಾರಿಗೆ ಅಡ್ಡ ಬರುತ್ತದೆ. ಹಾಗಾಗಿ ಬೀಳಿಸುವುದೇ ಸರಿ. ಅದಕ್ಕೆ ಅಂತಲೇ ಒಂದು ನೌಕೆ ಮಾಡಲು 2024ರ ಜೂನ್‌ನಲ್ಲಿ ಸ್ಪೇಸ್‌ಎಕ್ಸ್‌ಗೆ 84 ಕೋಟಿ 30 ಲಕ್ಷ ಡಾಲರ್‌ವರೆಗಿನ ಗುತ್ತಿಗೆ ಕೊಟ್ಟಿದ್ದಾರೆ. ಅದು ಹೋಗಿ ಹಿಡಿದು, ದಕ್ಷಿಣ ಪೆಸಿಫಿಕ್‌ನಲ್ಲಿ ಯಾವ ನೆಲಕ್ಕೂ ಸುಮಾರು 2,700 ಕಿಲೋಮೀಟರ್ ದೂರದ ನೀಮೊ ಬಿಂದುವಿನ ಸುತ್ತಲ ಸಮುದ್ರಕ್ಕೆ ಇಳಿಸಬೇಕು. ನನಗೆ ಕೇಳಿದರೆ ಈ ನೌಕೆಯ ಕೆಲಸ ಇನ್ನೂ ಬೇಗ ಆಗಬೇಕು. ಅದು ರೆಡಿ ಇದ್ದರೆ ಮಾತ್ರ ಅಪಾಯ ಬಂದ ದಿನ ಕೈಯಲ್ಲಿ ಒಂದು ದಾರಿ ಇರುತ್ತದೆ. ಇಲ್ಲದಿದ್ದರೆ ಸ್ಕೈಲ್ಯಾಬ್‌ನ ಐದೂವರೆ ಪಟ್ಟು ಭಾರದ್ದು ಎಲ್ಲಿ ಬೀಳುತ್ತದೋ ಅಂತ ನಮ್ಮ ಮೊಮ್ಮಕ್ಕಳು ರೇಡಿಯೋ ಮುಂದೆ ಕೂರಬೇಕು.

ಇನ್ನೊಂದು ಪ್ರಶ್ನೆ ನನ್ನ ಜೊತೆ ಕೆಲಸ ಮಾಡಿದವರೊಬ್ಬರದ್ದು. ಹಿಂದಿನ ಸಾಲಿನಿಂದ ಎದ್ದು ನಿಂತು ಕೇಳಿದರು: "ಎಲ್ಲ ಸರಿ ಮಾರಾಯ್ರೆ. ಆ ಯಂತ್ರ ನಿಮ್ಮ ಶಿಫ್ಟಿನಲ್ಲಿ ಇದ್ದಿದ್ರೆ ಓಡಿಸ್ತಿದ್ರಾ, ಇಲ್ವಾ? ಅಷ್ಟು ಹೇಳಿ."

ಓಡಿಸುತ್ತಿದ್ದೆ ಅಂದೆ. ಆದರೆ ಆ ಹಿಂಬದಿ ಕೋಣೆಯ ಬಾಗಿಲನ್ನು ಕಾಯಂ ಮುಚ್ಚಿಬಿಡುತ್ತಿದ್ದೆ. ಹಾಗೆ ಮಾಡಿದರೆ ರಷ್ಯನ್ ಭಾಗದ ನಾಲ್ಕು ಬಂದರುಗಳಲ್ಲಿ ಒಂದು ಹೋಗುತ್ತದೆ, ಸರಕು ಮತ್ತು ಇಂಧನದ ಲೆಕ್ಕ ಬಿಗಿಯಾಗುತ್ತದೆ, ಗೊತ್ತು. ಅದು ತಡೆದುಕೊಳ್ಳಬಹುದಾದ ನಷ್ಟ. ಕಾರಣ ಗೊತ್ತಿಲ್ಲದ ಬಿರುಕಿನ ಪಕ್ಕ ಏಳು ಜನರನ್ನು ಮಲಗಿಸುವುದು ತಡೆದುಕೊಳ್ಳುವಂಥದ್ದಲ್ಲ. ಎರಡನೆಯದು, 2030 ಅಂತ ಕ್ಯಾಲೆಂಡರ್ ನೋಡಿ ನಿಲ್ಲಿಸುತ್ತಿರಲಿಲ್ಲ. ಹೊಸ ನಿಲ್ದಾಣದಲ್ಲಿ ಜನ ಹೋಗಿ, ಒಂದು ವರ್ಷ ಪೂರ್ತಿ ಇದ್ದು, ಅಲ್ಲಿಯ ಪಂಪು ಒಮ್ಮೆ ಕೆಟ್ಟು ಅದನ್ನು ಅವರೇ ರಿಪೇರಿ ಮಾಡಿದ ಮೇಲೆ ಹಳೇದನ್ನು ನಿಲ್ಲಿಸುತ್ತಿದ್ದೆ. ಅಷ್ಟರೊಳಗೆ ಬೇರೆ ಕೋಣೆಯಲ್ಲೂ ಅದೇ ಥರದ ಗೆರೆ ಕಂಡರೆ ಅವತ್ತೇ ಎಲ್ಲರನ್ನೂ ಕೆಳಗೆ ಕರೆಸಿಕೊಳ್ಳುತ್ತಿದ್ದೆ, ಯಾರು ಎಷ್ಟು ಒತ್ತಡ ಹಾಕಿದರೂ.

ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದರು. ಆಮೇಲೆ "ಲಾಗ್ ಬುಕ್ ಯಾರು ಬರೀತಾರೆ, ಅವರಾ ಇವರಾ?" ಅಂತ ಕೇಳಿದರು. ಸೋರಿಕೆಯ ಲೆಕ್ಕ ಇಬ್ಬರೂ ಇಡುತ್ತಾರೆ, ಓದುವುದು ಮಾತ್ರ ಬೇರೆ ಬೇರೆ ಥರ ಅಂದೆ. "ಹಾಗಾದ್ರೆ ಮೊದಲು ಇಬ್ಬರನ್ನೂ ಒಂದೇ ಟೇಬಲ್ಲಿಗೆ ಕೂರಿಸಿ" ಅಂತ ಹೇಳಿ ಕೂತರು.